ಕೊನೆಗೆ ಮುಟ್ಟಿದ ಕೈ

ಮಾರ್ಚ್ 4, ಮಂಗಳವಾರ

—ಹಾಗಲ್ಲ. ನಿನ್ನೆ ಬರೆದದ್ದು ತಪ್ಪು. ಅವಳು "ಪರವಾಗಿಲ್ಲ ಬಿಡಿ" ಅಂದದ್ದು ಸಮಾಧಾನಕ್ಕಲ್ಲ. ಸಮಾಧಾನ ಹೇಳುವವರ ದನಿ ನನಗೆ ಚೆನ್ನಾಗಿ ಗೊತ್ತು. ಹೆಂಡತಿ ತೀರಿಕೊಂಡಾಗ ಬೀದಿಗೆ ಬೀದಿಯೇ ಬಂದು ಹೇಳಿ ಹೋಗಿದೆ. ಇದು ಬೇರೆ. ಮನಸ್ಸಿಲ್ಲದ ಊರಿಗೆ ಹೊರಟವರಿಗೆ ಬಸ್ಸು ತಪ್ಪಿದರೆ ಒಳಗೊಳಗೇ ಖುಷಿಯಾಗುತ್ತದಲ್ಲ, ಅಂಥ "ಪರವಾಗಿಲ್ಲ".

ಭಾನುವಾರ ಮಧ್ಯಾಹ್ನ, ಅವಳ ಮನೆ, ಪರದೆ ಎಳೆದಿತ್ತು. ಇಬ್ಬರೂ ಎಳೆಯರಲ್ಲ. ಮದುವೆ ಮಾತಾಗಿದೆ. ಯಾರ ಮುಲಾಜೂ ಇಲ್ಲ. ಆದರೂ ನನ್ನ ಕಡೆಯಿಂದ... ಏನೂ ಇಲ್ಲ. ದೇಹ ಏಳಲಿಲ್ಲ ಅನ್ನುವುದು ಎರಡನೇ ಮಾತು. ಮನಸ್ಸೇ ಏಳಲಿಲ್ಲ. ಹಸಿವಿಲ್ಲದವನ ಮುಂದೆ ತಟ್ಟೆ ಇಟ್ಟ ಹಾಗೆ. ಅವಳನ್ನು ಕಂಡರೆ ಎದೆ ಅರಳುತ್ತದೆ, ಸುಳ್ಳಲ್ಲ. ಎದೆಯಿಂದ ಕೆಳಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ.

ಅವಳು ಎದ್ದು, ಕೂದಲು ಕಟ್ಟಿಕೊಂಡು, ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಾ ಕೂತಳು. ಅಷ್ಟು ಬೇಗ! ಒಂದು ನಿಟ್ಟುಸಿರಾದರೂ ಬೇಡವೇ?

ಎದುರು ಅಂಗಡಿಯವಳು. ಬಟ್ಟೆ ಆಲ್ಟ್ರೇಷನ್ ಮಾಡುತ್ತಾಳೆ. ಅವಳ ನಾಲಿಗೆ ನೋಡಿ ನಾನೇ "ಕತ್ತರಿ" ಅಂತ ಹೆಸರಿಟ್ಟೆ. ಅವಳಿಗೂ ಗೊತ್ತು. ಗಂಡ ಬಿಟ್ಟು ಹೋಗಿ ಕಾಲವಾಯಿತು. ನಾನು ಹೊಲಿಗೆ ಮಷಿನ್ ರಿಪೇರಿ. ಜೋಡಿ ಸರಿಯಾಗಿದೆ ಅಂತ ಎಲ್ಲರೂ ನಗುತ್ತಾರೆ. ನಗಲಿ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದ: "ಮಷಿನ್ ತಾನಾಗಿ ಕೆಡೋದಿಲ್ಲ ಕಣೋ. ಕೊನೆಗೆ ಮುಟ್ಟಿದ ಕೈ ಯಾವುದು, ಅದನ್ನ ಹುಡುಕು." ನಿಜ. ಮಷಿನ್ ತರುವವರೆಲ್ಲ ಒಂದೇ ರಾಗ. ನಾನೇನೂ ಮಾಡಿಲ್ಲ, ಅದಾಗದೇ ನಿಂತಿತು. ಬಿಚ್ಚಿ ನೋಡಿದರೆ ಅಡುಗೆ ಎಣ್ಣೆ ಸುರಿದಿರುತ್ತಾರೆ.

ಹಾಗಾದರೆ ನನ್ನನ್ನು ಕೊನೆಗೆ ಮುಟ್ಟಿದ ಕೈ ಯಾವುದು?

ಮಾರ್ಚ್ 6, ಗುರುವಾರ

ಮಷಿನ್ ಬೆಲ್ಟು ಬೇಕು ಅಂತ ಕತ್ತರಿ ಬಂದಳು. ಬೆಲ್ಟು ನೆಪ. ಅವಳ ಮಷಿನ್ ಸದ್ದು ಇಲ್ಲಿಂದಲೇ ಕೇಳುತ್ತದೆ, ಬೆಲ್ಟು ಸರಿಯಾಗೇ ಇದೆ.

"ಏನ್ರೀ ಮೆಕ್ಯಾನಿಕ್, ಮುಖ ಯಾಕೆ ತುಕ್ಕು ಹಿಡಿದಿದೆ?"

"ಎಣ್ಣೆ ಇಲ್ಲ."

"ಅಂಗಡಿ ತುಂಬ ಡಬ್ಬಿ ಇಟ್ಕೊಂಡು ಎಣ್ಣೆ ಇಲ್ಲ ಅಂತೀರಲ್ಲ!" ಆಮೇಲೆ ದನಿ ಇಳಿಸಿ, "ಒಬ್ಬರು ಡಾಕ್ಟರ್ ಇದಾರೆ. ಈ ವಿಷಯವೇ ನೋಡ್ತಾರೆ. ಒಳ್ಳೆಯವರಂತೆ. ಹೋಗಿ ಬನ್ನಿ."

"ಯಾವ ವಿಷಯ?"

"ನಮ್ಮಲ್ಲಿ ಬರೋರು ಹೀಗೇ. ಬಟ್ಟೆ ಬಿಗಿಯಾಯ್ತು ಅಂತಾರೆ. ಹೊಟ್ಟೆ ಬಂತು ಅಂತ ಮಾತ್ರ ಒಪ್ಪಲ್ಲ."

"ಆ ಡಾಕ್ಟರ್ ನಿಮಗೆ ಹೇಗೆ ಗೊತ್ತು?"

"ಗೊತ್ತು" ಅಂದಳು. ಬೆಲ್ಟು ಬಿಟ್ಟು ಹೋದಳು.

ಒಳ್ಳೆಯವರಂತೆ. ಈ "ಅಂತೆ" ಹಿಂದೆ ಯಾರೋ ಇದ್ದೇ ಇರುತ್ತಾರೆ. ಇಂಥ ಡಾಕ್ಟರರ ವಿಳಾಸ ಒಬ್ಬ ಹೆಂಗಸಿಗೆ ಬಾಯಿಪಾಠ ಇರಬೇಕಾದರೆ... ನನಗಿಂತ ಮುಂಚೆ ಯಾರನ್ನು ಕಳಿಸಿದ್ದಳು? ಕಾಲೇಜಿನಲ್ಲಿ ಲಾಜಿಕ್ ಇತ್ತು ನನಗೆ. ಮೇಜರ್ ಪ್ರಿಮೈಸ್, ಮೈನರ್ ಪ್ರಿಮೈಸ್, ಮೂರನೇದು ಕನ್‌ಕ್ಲೂಷನ್. ಎರಡು ಸಲ ಫೇಲಾದೆ. ಆದರೂ ಕಲಿತದ್ದು ಎಲ್ಲಿ ಹೋಗುತ್ತದೆ.

ಮಾರ್ಚ್ 8, ಶನಿವಾರ

ಹೋದೆ. ಮಾನ ಒಂದು ಉಳಿದಿತ್ತು, ಅದನ್ನೂ ಕೊಟ್ಟು ಬಂದೆ.

ಗಂಡಸು ಡಾಕ್ಟರ್ ಅಂದುಕೊಂಡಿದ್ದೆ. ಒಳಗೆ ಹೋದರೆ ಒಬ್ಬಾಕೆ, ನನ್ನ ಮಗಳಿಗಿಂತ ಚಿಕ್ಕವಳಿರಬೇಕು. "ಹೇಳಿ, ಏನು ತೊಂದರೆ?" ಬಾಯಿಗೆ ಬಂದದ್ದು "ಮೊಣಕಾಲು". ಪಾಪ, ನಿಜವಾಗಿ ಮೊಣಕಾಲು ನೋಡಿದರು. ಮಡಚಿಸಿದರು, ಚಾಚಿಸಿದರು. "ಚೆನ್ನಾಗಿದೆ. ಇನ್ನೇನಾದರೂ?" ಅಂದರು. ಆ "ಇನ್ನೇನಾದರೂ" ಕೇಳುವಾಗ ಪೆನ್ನು ಕೆಳಗಿಟ್ಟರು. ಜಾಣೆ.

"ನನ್ನ ಸ್ನೇಹಿತನೊಬ್ಬನಿಗೆ..."

"ಹೇಳಿ. ವಯಸ್ಸೆಷ್ಟು ಅವರಿಗೆ?"

"ನನ್ನಷ್ಟೇ."

"ಸರಿ. ಅವರ ಕೈ ಈ ಕಡೆ ಕೊಡಿ, ಬಿ.ಪಿ. ನೋಡೋಣ."

ನಗಲಿಲ್ಲ, ಆಕೆ. ನಕ್ಕಿದ್ದರೆ ಎದ್ದು ಬರುತ್ತಿದ್ದೆ.

ಆಮೇಲೆ ಪ್ರಶ್ನೆಗಳು. ಮನಸ್ಸಿಗೆ ಬೇಕು ಅನ್ನಿಸಿ ದೇಹ ಮಾತು ಕೇಳುವುದಿಲ್ಲವೋ, ಬೇಕು ಅನ್ನಿಸುವುದೇ ಇಲ್ಲವೋ? ಎರಡೂ ಒಂದೇ ಅಲ್ಲವಂತೆ. ಬೆಳಗ್ಗೆ ಏಳುವಾಗ ಹೇಗೆ? ನಿದ್ದೆ? ಕುಡಿತ? ಸಂಗಾತಿಯ ಮೇಲೆ ಕೋಪ? "ಯಾವಾಗಿನಿಂದ?"

"ಕಳೆದ ಭಾನುವಾರದಿಂದ."

"ಅದಕ್ಕೂ ಮುಂಚೆ?"

"ಅವಕಾಶ ಇರಲಿಲ್ಲ."

"ಅವಕಾಶ ಕೇಳಲಿಲ್ಲ. ಆಸೆ ಯಾವಾಗ ನಿಂತಿತು?"

ಗೋಡೆಯ ಮೇಲಿನ ಬೆನ್ನುಮೂಳೆ ಚಿತ್ರ ನೋಡುತ್ತಾ ಕೂತೆ.

ರಕ್ತಪರೀಕ್ಷೆಗೆ ಬರೆದುಕೊಟ್ಟರು. ಸಕ್ಕರೆ, ಥೈರಾಯ್ಡ್, ಗಂಡಸರ ಹಾರ್ಮೋನು. ಬೆಳಗ್ಗೆಯೇ ಕೊಡಬೇಕಂತೆ. "ಸ್ನೇಹಿತರು ತಗೊಳ್ಳೋ ಮಾತ್ರೆ ಎಲ್ಲಾ, ಒಂದನ್ನೂ ಬಿಡದೆ ತನ್ನಿ" ಅಂದರು.

ಮಾತ್ರೆ ಯಾಕೆ? ಮಷಿನ್ ರಿಪೇರಿಗೆ ಬಂದರೆ ನಾನು ಮನೆಯವರ ಊಟ ಕೇಳುತ್ತೇನೆಯೇ? ಗುಮಾನಿ ಬಂತು. ಆದರೂ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕೂತಿದೆ.

ಮಾರ್ಚ್ 10, ಸೋಮವಾರ

ಸಿಕ್ಕಿತು. ಕೈ ಸಿಕ್ಕಿತು.

ಮಗಳು ಎರಡು ಬೀದಿ ಆಚೆ ಇದ್ದಾಳೆ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಪ್ರತಿ ಭಾನುವಾರ ಬಂದು ನನ್ನ ಮಾತ್ರೆ ಡಬ್ಬಿ ತುಂಬಿಸಿ ಹೋಗುತ್ತಾಳೆ. ವಾರಕ್ಕೆ ಏಳು ಕೋಣೆಯ ಪ್ಲಾಸ್ಟಿಕ್ ಡಬ್ಬಿ. ಬಿ.ಪಿ.ಯದೊಂದು, ಇನ್ನೊಂದು ಸಣ್ಣ ಬಿಳಿಯದು, ನಡುವೆ ಗೆರೆ. ಅದೇನು ಅಂದರೆ "ನಿದ್ದೆಗೆ, ಅಪ್ಪ". ಇಷ್ಟು ದಿನ ಡಬ್ಬಿ ತೆರೆದೆ, ನುಂಗಿದೆ. ಕಸ ಎತ್ತುವವನು ಕೂಡ ಚೀಲ ನೋಡುತ್ತಾನೆ, ನಾನು ನೋಡಲಿಲ್ಲ.

ಮಾತ್ರೆಯ ಹಾಳೆಗಳು, ಹೆಸರು ಅಚ್ಚಾಗಿರುವ ಸ್ಟ್ರಿಪ್ಪುಗಳು, ಇಲ್ಲಿ ಒಂದೂ ಇಲ್ಲ. ಎಲ್ಲಾ ಅವಳ ಮನೆಯಲ್ಲಿ. ಯಾಕೆ ಅಲ್ಲಿ?

ಬಿಳಿಯದನ್ನು ಕಾಗದದಲ್ಲಿ ಸುತ್ತಿಕೊಂಡು ಔಷಧಿ ಅಂಗಡಿಗೆ ಹೋದೆ. ಅಲ್ಲಿಯ ಹೆಣ್ಣುಮಗಳು ಬೆಳಕಿಗೆ ಹಿಡಿದು ನೋಡಿದಳು. "ಬಿಡಿ ಮಾತ್ರೆ ನೋಡಿ ಗ್ಯಾರಂಟಿ ಹೇಳೋಕಾಗಲ್ಲ ಸರ್. ಈ ಗುರುತು ನೋಡಿದ್ರೆ ಮನಸ್ಸಿನದು ಅನ್ಸುತ್ತೆ. ಬೇಜಾರು, ಖಿನ್ನತೆಗೆ ಕೊಡ್ತಾರೆ. ಡಾಕ್ಟರನ್ನೇ ಕೇಳಿ."

"ಇದರಿಂದ ಬೇರೆ ಏನಾದರೂ ಆಗುತ್ತಾ?"

ಅತ್ತ ಇತ್ತ ನೋಡಿದಳು. "ಕೆಲವರಿಗೆ ಆ ವಿಷಯದಲ್ಲಿ ಆಸಕ್ತಿ ಕಮ್ಮಿಯಾಗುತ್ತೆ ಸರ್. ಎಲ್ಲರಿಗೂ ಅಲ್ಲ."

ಆ ವಿಷಯದಲ್ಲಿ!

ಮೇಜರ್ ಪ್ರಿಮೈಸ್: ಈ ಮಾತ್ರೆ ಆಸೆ ಕೊಲ್ಲುತ್ತದೆ. ಮೈನರ್ ಪ್ರಿಮೈಸ್: ಮಾತ್ರೆ ಹಾಕುವುದು ಮಗಳು. ಮದುವೆ ಸುದ್ದಿ ಹೇಳಿದ ದಿನ ಅವಳು ಏನಂದಳು? "ನಿಮ್ಮಿಷ್ಟ ಅಪ್ಪ." ಅಷ್ಟೇ ಅಂದು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ತಾಯಿಯ ಜಾಗಕ್ಕೆ ಇನ್ನೊಬ್ಬಳು ಬರಬಾರದು. ಬಾಯಲ್ಲಿ ಹೇಳಲಾಗದು, ಡಬ್ಬಿಯಲ್ಲಿ ಹೇಳಿದಳು.

ಹೆನ್ಸ್ ಪ್ರೂವ್ಡ್. ಅದು ಜಾಮಿಟ್ರಿಯದು, ಇರಲಿ.

ಇವತ್ತಿನಿಂದ ಬಿಳಿಯದು ಬಂದ್. ನುಂಗಿದ ಹಾಗೆ ಮಾಡಿ ಹಳೆಯ ಸೂಜಿ ಹಾಕುವ ಡಬ್ಬಿಗೆ ಸೇರಿಸುತ್ತೇನೆ. ಯಾರಿಗೂ ಹೇಳುವುದಿಲ್ಲ. ಕತ್ತರಿಗೂ. ಅವಳಿಗೆ ಮಗಳ ಜೊತೆ ಸಲಿಗೆ ಜಾಸ್ತಿ, ಇಬ್ಬರೂ ಸೇರಿ ಏನು ಹೊಲಿಯುತ್ತಿದ್ದಾರೋ ಯಾರು ಕಂಡರು.

ಮಾರ್ಚ್ 13, ಗುರುವಾರ

ತಲೆಸುತ್ತು. ಕತ್ತು ಹೊರಳಿಸಿದರೆ ತಲೆಯೊಳಗೆ ಚುರ್ ಅಂತ ಕರೆಂಟು. ವೈರ್ ಲೂಸಾದ ಹಾಗೆ. ವಿಷ ಇಳಿಯುತ್ತಿದೆ ಅಂದುಕೊಂಡೆ. ಒಳ್ಳೆಯ ಲಕ್ಷಣವೇ ಇರಬೇಕು.

ಒಬ್ಬ ಗಿರಾಕಿ ಮಷಿನ್ ತಂದ. "ಅದಾಗದೇ ಹೊಲಿಗೆ ಬಿಡ್ತಿದೆ" ಅಂದ. "ಅದಾಗದೇ ಏನೂ ಆಗಲ್ಲ ಕಣ್ರೀ, ಸುಳ್ಳು ಹೇಳಬೇಡಿ" ಅಂತ ಕೂಗಿದೆ. ಮಷಿನ್ ಎತ್ತಿಕೊಂಡು ಹೋದ. ಆಮೇಲೆ ಕೂತು ಅತ್ತೆ. ಯಾಕೆ ಅಂತ ಗೊತ್ತಿಲ್ಲ. ಗಿರಾಕಿ ಹೋದದ್ದಕ್ಕಂತೂ ಅಲ್ಲ.

ಆಸೆ? ಇನ್ನೂ ಇಲ್ಲ.

ಮಾರ್ಚ್ 16, ಭಾನುವಾರ

ಮಗಳು ಬಂದಳು. ಬಲೆ ಬೀಸಿದೆ.

"ಆ ಬಿಳಿ ಮಾತ್ರೆ ನಿದ್ದೆಗೇ ಅಲ್ವೇನಮ್ಮ?"

ಡಬ್ಬಿ ತುಂಬಿಸುತ್ತಿದ್ದ ಅವಳ ಕೈ ಒಂದು ಕ್ಷಣ ನಿಂತಿತು. "ಹೂಂ ಅಪ್ಪ. ಯಾಕೆ?"

"ಏನಿಲ್ಲ. ನಿದ್ದೆ ಚೆನ್ನಾಗಿ ಬರ್ತಿದೆ."

"ಮುಖ ನೋಡಿದ್ರೆ ಹಾಗೆ ಕಾಣಲ್ಲ. ಬೆವರ್ತಿದೀರ."

"ಸೆಖೆ."

ಸೆಖೆ ಇರಲಿಲ್ಲ. ಅವಳೂ ಸುಳ್ಳು, ನಾನೂ ಸುಳ್ಳು. ಅಪ್ಪನಿಗೆ ತಕ್ಕ ಮಗಳು. ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಏನೋ ಹೇಳಬೇಕು ಅಂತ ಬಾಯಿ ತೆರೆದಳು. ನಾನು ನೂಲು ಸುತ್ತುವ ಬಾಬಿನ್ ಎಣಿಸುವವನ ಹಾಗೆ ತಲೆ ತಗ್ಗಿಸಿದೆ.

ಇವಳು ಚಿಕ್ಕವಳಿದ್ದಾಗ ಜ್ವರದ ಔಷಧಿ ಕುಡಿಸಲು ನಾನು ಎಷ್ಟು ಸುಳ್ಳು ಹೇಳಿದ್ದೆ. ಅದು ಈಗ ಯಾಕೆ ನೆನಪಾಯಿತೋ.

ಮಾರ್ಚ್ 21, ಶುಕ್ರವಾರ

ಬರೆಯಲು ಕೈ ಆಡಲಿಲ್ಲ ಇಷ್ಟು ದಿನ.

ಮಂಗಳವಾರ ಅಂಗಡಿಯಲ್ಲಿ ಬಿದ್ದೆ. ಮೇಲಿನ ಕಪಾಟಿನಿಂದ ಪೆಡಲ್ ಇಳಿಸಲು ಕತ್ತೆತ್ತಿದೆ, ತಲೆಯಲ್ಲಿ ಚುರ್, ಅಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಕತ್ತರಿಯ ಮುಖ. ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ನನ್ನ ಮೂಗಿಗೆ ತಾಗುತ್ತಿತ್ತು. "ಸದ್ದು ಕೇಳಿ ಓಡಿ ಬಂದೆ. ಎಷ್ಟು ಬೆರಳು ಹೇಳ್ರೀ" ಅಂದಳು. "ನಿಮಗೆ ಅಳತೆಗೆ ಬಂದಿದೀನಾ ನಾನು?" ಅಂದೆ. "ನಾಲಿಗೆ ಸರಿಯಿದೆ, ಬದುಕ್ತೀರಿ" ಅಂದು ಮಗಳಿಗೆ ಫೋನ್ ಮಾಡಿದಳು. ಮಗಳ ನಂಬರ್ ಇವಳಿಗೆ ಬಾಯಿಪಾಠ! ಬಿದ್ದ ಜಾಗದಿಂದಲೇ ಅದನ್ನು ಗಮನಿಸಿದೆ.

ಮಗಳು ಲಾಂಡ್ರಿಯ ಏಪ್ರನ್ ಸಮೇತ ಬಂದಳು. ಅವಳನ್ನು ಕಂಡದ್ದೇ ಸೂಜಿ ಡಬ್ಬಿ ತೆಗೆದು ಕೌಂಟರ್ ಮೇಲೆ ಸುರಿದೆ. ಬಿಳಿ ಮಾತ್ರೆಗಳು, ಮೊಂಡ ಸೂಜಿಗಳು, ಎಲ್ಲಾ ಒಟ್ಟಿಗೆ.

"ಹೇಳು. ಈ ಮದುವೆ ಆಗಬಾರದು ಅಂತ ತಾನೇ ಇದನ್ನ ಹಾಕ್ತಿದ್ದೆ? ನಿಮ್ಮಪ್ಪನ್ನ ಗಂಡಸೇ ಅಲ್ಲದ ಹಾಗೆ ಮಾಡಿಬಿಟ್ರೆ ಸಂಬಂಧ ತಾನಾಗಿ ಮುರಿಯುತ್ತೆ ಅಂತ?"

ಕತ್ತರಿಯ ಮುಂದೆಯೇ ಕೂಗಿದೆ. ನಾಲಿಗೆಗೆ ಬ್ರೇಕ್ ಇರಲಿಲ್ಲ.

ಮಗಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಮೊದಲು ಸೂಜಿಗಳ ನಡುವಿನಿಂದ ಒಂದೊಂದೇ ಮಾತ್ರೆ ಆರಿಸಿ ಅಂಗೈಗೆ ಹಾಕಿಕೊಂಡಳು. ಆಮೇಲೆ ಹೇಳಿದಳು: "ಅಪ್ಪ, ಮದುವೆ ಮಾತು ಬಂದಿದ್ದು ಯಾವಾಗ?"

"ಹೊಸ ವರ್ಷ ಆದಮೇಲೆ."

"ಮಾತ್ರೆ ಶುರುವಾಗಿದ್ದು ಅಮ್ಮ ಹೋದ ವರ್ಷ. ಆಗ ನೀವು ಷಟರ್ ಎತ್ತೋದು ಬಿಟ್ಟಿದ್ರಿ. ಊಟ ಬಿಟ್ಟಿದ್ರಿ. ಒಂದಿನ ನಾನು ಬಂದಾಗ 'ನೀನು ಯಾಕೆ ಬರ್ತೀಯಮ್ಮ, ನಾನೂ ಅವಳ ಹಿಂದೇನೇ ಹೋಗ್ತೀನಿ' ಅಂದ್ರಿ. ನೆನಪಿದೆಯಾ? ನಿಮ್ಮ ಬಿ.ಪಿ. ನೋಡೋ ಹಳೇ ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋದೆ. ಮನಸ್ಸಿನ ಮಾತ್ರೆ ಅಂದ್ರೆ ನೀವು ಚರಂಡಿಗೆ ಹಾಕ್ತೀರಿ ಅಂತ ನಿದ್ದೆದು ಅಂದೆ. ಅದು ನನ್ನ ತಪ್ಪು. ಹಾಳೆಗಳನ್ನ ಮನೇಲಿಟ್ಟಿದ್ದು ಯಾಕೆ ಗೊತ್ತಾ? ಎಲ್ಲಾ ಒಟ್ಟಿಗೇ ನಿಮ್ಮ ಕೈಗೆ ಸಿಗಬಾರದು ಅಂತ."

ಕತ್ತರಿ ಕತ್ತಿನ ಟೇಪನ್ನು ಸುತ್ತುತ್ತಾ ನಿಂತಿದ್ದಳು. ಬಿಚ್ಚುವುದು, ಮತ್ತೆ ಸುತ್ತುವುದು.

"ಮತ್ತೆ 'ನಿಮ್ಮಿಷ್ಟ' ಅಂದೆಯಲ್ಲ?"

"ಇನ್ನೇನು ಅನ್ಲಿ? ಕುಣೀಲಾ? ಅಮ್ಮನ ನೆನಪಾಯ್ತು. ಆಗಬಾರದಾ?" ಈಗ ಅತ್ತಳು.

ಯಾವಾಗಿನಿಂದ? ಆ ಡಾಕ್ಟರ್ ಕೇಳಿದ್ದು ಇಷ್ಟೇ. ಯಾರು ಅಂತ ಹುಡುಕಿದೆ, ಯಾವಾಗ ಅಂತ ಕೇಳಲೇ ಇಲ್ಲ. ಲಾಜಿಕ್‌ನಲ್ಲಿ ಫೇಲು ಮಾಡಿದ ಮೇಷ್ಟ್ರು ಸುಮ್ಮನೆ ಮಾಡಿರಲಿಲ್ಲ.

ಮಾರ್ಚ್ 22, ಶನಿವಾರ

ಮೂರೂ ಜನ ಹೋದೆವು. ಮಗಳು ಹೊರಗೆ ಬೆಂಚಿನ ಮೇಲೆ. ನಾನು, ಕತ್ತರಿ ಒಳಗೆ. ಡಾಕ್ಟರ್ ನನ್ನನ್ನು ನೋಡಿ, "ಸ್ನೇಹಿತರು ಬರಲಿಲ್ವಾ?" ಅಂದರು.

"ಬಂದಿದಾನೆ" ಅಂದೆ.

ಏಕಾಏಕಿ ಬಿಟ್ಟದ್ದೇ ಬಿದ್ದದ್ದಕ್ಕೆ ಕಾರಣ ಇರಬೇಕಂತೆ. ಇಂಥ ಮಾತ್ರೆ ಬಿಡುವುದಾದರೆ ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು, ಕಿಟಕಿಯಿಂದ ಹಾರಬಾರದು ಅಂದರು. ನನ್ನ ಮುಂದೆಯೇ ಹಳೇ ಡಾಕ್ಟರಿಗೆ ಫೋನ್. ಈಗ ಮತ್ತೆ ಶುರು. ಮೈ ಸ್ವಲ್ಪ ಸುಧಾರಿಸಿದ ಮೇಲೆ ಇಬ್ಬರೂ ಡಾಕ್ಟರು ಸೇರಿ ನಿಧಾನ ಇಳಿಸುವುದೋ, ಬೇರೆಯದಕ್ಕೆ ಬದಲಿಸುವುದೋ ನೋಡುತ್ತಾರಂತೆ. ಬೇಜಾರು ಮರುಕಳಿಸಬಾರದು, ಅದು ಮುಖ್ಯ. ರಕ್ತದ ರಿಪೋರ್ಟೂ ಬಂದಿತ್ತು. ಹಾರ್ಮೋನು ಪರವಾಗಿಲ್ಲ, ಸಕ್ಕರೆ ಗಡಿಯಲ್ಲಿದೆ, ನಡೆಯಬೇಕು.

"ಹಾಗಾದ್ರೆ ಕಾರಣ ಮಾತ್ರೇನೇ ತಾನೇ?" ಅಂದೆ. ಒಂದು ಕೈ ತೋರಿಸಿಕೊಡಿ ಅನ್ನುವ ಹಟ.

"ಮಾತ್ರೆ ಇರಬಹುದು. ದುಃಖ ಇರಬಹುದು. ಭಯ ಇರಬಹುದು. ಸಾಮಾನ್ಯವಾಗಿ ಎಲ್ಲಾ ಸ್ವಲ್ಪ ಸ್ವಲ್ಪ. ಒಬ್ಬ ಕಳ್ಳನನ್ನೇ ಹುಡುಕಬೇಡಿ."

ನನ್ನ ಮೇಸ್ತ್ರಿ ಇದ್ದಿದ್ದರೆ ಎದ್ದು ಹೋಗುತ್ತಿದ್ದ.

ಆಮೇಲೆ ಡಾಕ್ಟರ್ ಕತ್ತರಿ ಕಡೆ ತಿರುಗಿದರು. "ನೀವು ಅವರಿಗೆ ಹೇಳಿದ್ರಾ?"

ನೀವು ಹೇಳಿದ್ರಾ. ಅಂದರೆ ಇವರಿಗೆ ಮೊದಲೇ ಗೊತ್ತು! ನನ್ನ ಕಿವಿ ನಿಮಿರಿತು.

ಕತ್ತರಿ ಕಿಟಕಿ ನೋಡುತ್ತಾ ಹೇಳಿದಳು. ಅವಳಷ್ಟು ನಿಧಾನ ಮಾತಾಡಿದ್ದು ಯಾವತ್ತೂ ಕೇಳಿಲ್ಲ. ಮುಟ್ಟು ನಿಂತ ಮೇಲೆ ಅವಳಿಗೆ ಅಲ್ಲಿ ಒಣಗಿದ ಹಾಗೆ, ನೋವು. ಮದುವೆ ಮಾತಾದ ಮೇಲೆ ಹೆದರಿಕೆ ಶುರುವಾಯಿತು. ತಾನೇ ಹುಡುಕಿಕೊಂಡು ಈ ಡಾಕ್ಟರ ಹತ್ತಿರ ಬಂದಳು. ಹಚ್ಚಲು ಕ್ರೀಮು ಕೊಟ್ಟಿದ್ದಾರೆ, ಈಗೀಗ ವಾಸಿ. ಆ ಭಾನುವಾರ ಇನ್ನೂ ಹೆದರಿಕೆ ಇತ್ತು. "ನಿಮ್ಮಿಂದ ಆಗಲಿಲ್ಲ ಅಂದಾಗ, ದೇವರಾಣೆ, ಉಸಿರು ಬಂತು. ಅದಕ್ಕೇ ಪರವಾಗಿಲ್ಲ ಅಂದಿದ್ದು. ನೀವು ಬೇಡ ಅಂತ ಅಲ್ಲ."

ಬಸ್ಸು ತಪ್ಪಿದವಳ ಖುಷಿ ಅಂತ ಬರೆದಿದ್ದೆನಲ್ಲ. ಸರಿಯಾಗೇ ಕೇಳಿಸಿಕೊಂಡಿದ್ದೆ. ಅವಳಿಗೆ ಹೆದರಿಕೆ ಇದ್ದದ್ದು ಊರಿಗಲ್ಲ, ದಾರಿಗೆ. ಅದು ನನಗೆ ಹೊಳೆಯಲಿಲ್ಲ.

"ನನಗೆ ಹೇಳಬಹುದಿತ್ತಲ್ಲ" ಅಂದೆ.

"ನೀವು ಮೊಣಕಾಲು ತೋರಿಸಿದ್ರಂತೆ" ಅಂದಳು.

ಡಾಕ್ಟರ್ ಗಾಬರಿಯಾಗಿ, "ನಾನು ಹೇಳಿಲ್ಲ" ಅಂದರು. ನಾನೇ ಹೇಳಿದ್ದಂತೆ, ಅಂಗಡಿಯಲ್ಲಿ ಬಿದ್ದಾಗ, ಅರೆಪ್ರಜ್ಞೆಯಲ್ಲಿ. ಇನ್ನೇನೇನು ಹೇಳಿದ್ದೇನೋ, ಕೇಳುವ ಧೈರ್ಯ ಬರಲಿಲ್ಲ.

ಕೊನೆಗೆ ಹೋಂವರ್ಕ್. ಕೇಳಿ ದಂಗಾದೆ. ಕೂಡುವ ಪ್ರಯತ್ನವೇ ಬೇಡವಂತೆ, ಅವರು ಹೇಳುವ ತನಕ. ಪಕ್ಕದಲ್ಲಿ ಕೂತು ಕೈ, ತೋಳು, ಬೆನ್ನು ಮುಟ್ಟುವುದು, ಅಷ್ಟೇ. ಒಬ್ಬರ ಸರದಿ ಆದ ಮೇಲೆ ಇನ್ನೊಬ್ಬರದು. ಏನೂ ಆಗಬೇಕಾಗಿಲ್ಲ. ಹೇಗನ್ನಿಸುತ್ತದೆ ಅಂತ ಗಮನಿಸುವುದು. ಹಸಿದವನಿಗೆ ಉಪವಾಸ ಹೇಳುವುದು ಗೊತ್ತು, ಹಸಿವಿಲ್ಲದವನಿಗೂ ಉಪವಾಸವೇ! ಇದು ಟ್ರೀಟ್‌ಮೆಂಟೋ, ನಮ್ಮನ್ನು ಸಾಗಹಾಕುವ ಉಪಾಯವೋ?

ಹೊರಗೆ ಮಗಳು ಬೆಂಚಿನಿಂದ ಎದ್ದು, "ಏನಂದ್ರು?" ಅಂದಳು. "ನಡೀಬೇಕಂತೆ" ಅಂದೆ. ಕತ್ತರಿಗೆ ನಗು ತಡೆಯಲಿಲ್ಲ. ಮಗಳೂ ನಕ್ಕಳು, ಯಾಕೆಂದು ಗೊತ್ತಿಲ್ಲದೆ.

ಏಪ್ರಿಲ್ 13, ಭಾನುವಾರ

ಮಗಳು ಮಾತ್ರೆ ಹಾಳೆಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟಳು. "ಇನ್ಮೇಲೆ ನೀವೇ ತುಂಬಿಸ್ಕೊಳ್ಳಿ." ಕೈಗೆ ತೆಗೆದುಕೊಂಡೆ. ಮತ್ತೆ ಅವಳ ಕಡೆಗೇ ಸರಿಸಿದೆ. "ನೀನೇ ತುಂಬಿಸು. ಯಾವುದು ಯಾತಕ್ಕೆ ಅಂತ ಹೇಳುತ್ತಾ ತುಂಬಿಸು." ಬಾಯಿ ಮುಚ್ಚದೆ ಹೇಳಿದಳು. ಸಾಕಮ್ಮ ಅನ್ನುವ ತನಕ.

ಹೋಂವರ್ಕ್ ನಡೆದಿದೆ. ಮೊದಲ ಸಲ ಇಬ್ಬರೂ ಪರೀಕ್ಷೆಗೆ ಕೂತ ಹಾಗಿದ್ದೆವು. ಕತ್ತರಿ ನನ್ನ ಅಂಗೈ ಹಿಡಿದು, "ಇಷ್ಟು ಎಣ್ಣೆ ಕಲೆ ಯಾವ ಸೋಪಿಗೂ ಹೋಗಲ್ಲ" ಅಂದಳು. ಅವಳ ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟು. ಏನೂ ಆಗಲಿಲ್ಲ. ಏನೂ ಆಗಬೇಕಾಗಿಯೂ ಇರಲಿಲ್ಲವಲ್ಲ. ಹಾಗಾಗಿ ಕೂತೆ. ಎಷ್ಟು ಹೊತ್ತು ಕೂತೆವೋ, ಚಹಾ ಆರಿಹೋಯಿತು.

ಮೊನ್ನೆ ಅವಳು ಸರದಿ ಮುಗಿಯಿತು ಅಂತ ಕೈ ತೆಗೆದಳು. ತೆಗೆದ ಜಾಗ ತಣ್ಣಗಾಯಿತು. ಇನ್ನೊಂದು ಸ್ವಲ್ಪ ಇರಬಾರದಿತ್ತೇ ಅನ್ನಿಸಿತು. ಡಾಕ್ಟರಿಗೆ ಹೇಳಿದೆ. "ಅದೇ" ಅಂದರು. "ಅದೇ ಅಂದರೆ?" "ಬೇಕು ಅನ್ನೋದು ಹೀಗೇ ಶುರುವಾಗೋದು." ನಂಬಿಕೆಯಿಲ್ಲ. ಇಷ್ಟು ಸಣ್ಣದಾ ಅದು?

ಏಪ್ರಿಲ್ 22, ಮಂಗಳವಾರ, ಸಂಜೆ

ಮಧ್ಯಾಹ್ನ ಕತ್ತರಿ ಬೆಲ್ಟು ತೆಗೆದುಕೊಂಡು ಹೋದಳು. ಈ ಸಲ ನಿಜವಾಗಿ ಹರಿದಿತ್ತು. ಕೊಡುವಾಗ ಬೆರಳು ತಾಗಿತು. ಅದು ಹೋಂವರ್ಕ್ ಅಲ್ಲ, ಸರದಿಯೂ ಅಲ್ಲ. ಆಗಿನಿಂದ ಹೊಟ್ಟೆಯೊಳಗೆ ಏನೋ. ಆಸೆಯೋ ಗ್ಯಾಸೋ, ಗುಮಾನಿ. ಸುಳ್ಳು ಯಾಕೆ, ಎರಡು ಮಷಿನ್ ಬಿಚ್ಚಿಟ್ಟು ಒಂದನ್ನೂ ಕೂಡಿಸಿಲ್ಲ. ಯಾರಾದರೂ ಬಂದು ಏನಾಯಿತು ಅಂದರೆ "ಅದಾಗದೇ" ಅಂದುಬಿಡುತ್ತೇನೋ ಏನೋ.

ಅಂಗಡಿ ಮುಚ್ಚಿದ ಮೇಲೆ ಬರುತ್ತೇನೆ ಅಂದಿದ್ದಾಳೆ. ಸುಮ್ಮನೆ ಅಂದಳೋ, ಏನಾದರೂ ಇಟ್ಟುಕೊಂಡು ಅಂದಳೋ? ಮಗಳ ಜೊತೆ ಬೆಳಗ್ಗೆ ಫೋನಿನಲ್ಲಿ ನಗುತ್ತಿದ್ದಳು. ಯಾತಕ್ಕೆ? ಕೇಳಬಾರದು. ಕೇಳುವುದಿಲ್ಲ. ನಾಳೆ ಕೇಳುತ್ತೇನೆ.

ಎದುರಿಗೆ ಅವಳ ಮಷಿನ್ ಓಡುತ್ತಿದೆ. ಕಾಲರ್ ಇರಬೇಕು, ತಿರುವು ಬಂದಾಗೆಲ್ಲ ನಿಧಾನ ಮಾಡುತ್ತಾಳೆ. ಹೊಸ ಬೆಲ್ಟು ಚೆನ್ನಾಗಿ ಹಿಡಿದಿದೆ... ನಿಂತಿತು. ನೂಲು ಕತ್ತರಿಸುತ್ತಿರಬೇಕು. ಈಗ ಷಟರ್ ಎಳೆದಳು.

ಅಕ್ಷರ ಮಸುಕಾಗುತ್ತಿದೆ. ಬೆಳಕು ಹೋಗುತ್ತಾ ಇದೆ, ಗಮನಿಸಲೇ ಇಲ್ಲ. ಸ್ವಿಚ್ಚಿಗೆ ಕೈ ಹಾಕಿದೆ, ಬೇಡ ಅನ್ನಿಸಿತು. ಹೀಗೇ ಇರಲಿ. ಮೆಟ್ಟಿಲ ಮೇಲೆ ಹೆಜ್ಜೆ, ಅವಳೇ. ಪೆನ್ನು ಇಡಬೇಕು. ಅವಳ ಕೈ ಇವತ್ತು—